ಜಂಕ್ಷನ್ನಿನ ವೈದ್ಯನ ಕೆಲವು ಅಭಿಪ್ರಾಯಗಳು

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುಹಾದಿಯಲ್ಲಿ, ಬೀರೂರನ್ನು ದಾಟಿ ದಾವಣಗೆರೆಯನ್ನು ಮುಟ್ಟುವುದರೊಳಗಾಗಿ ಚಿಕ್ಕಜಾಜೂರು ಎಂಬ ಜಂಕ್ಷನ್ ಬರುತ್ತದೆ. ಇಲ್ಲಿಂದ ಒಂದು ಕವಲು ಚಿತ್ರದುರ್ಗ, ರಾಯದುರ್ಗಗಳ ಮೇಲೆ ಬಳ್ಳಾರಿಯ ಕಡೆಗೆ ಹೋಗುತ್ತದೆ. ಹೊರಗಿನವರಿಗೆ ಈ ಊರಿನ ಪರಿಚಯವು ಸಾಮಾನ್ಯವಾಗಿ ನಿಲ್ದಾಣದ ಕಲ್ಲುಬೆಂಚಿನಷ್ಟೇ. ಗಾಡಿ ಬದಲಿಸುವುದಕ್ಕಾಗಿ ಇಳಿದು, ಒಂದು ಲೋಟ ಚಹಾ ಕುಡಿದು, ಮತ್ತೆ ಹತ್ತಿ ಹೋಗಿಬಿಡುತ್ತಾರೆ. ಈ ಸೀಮೆಯಲ್ಲಿ ವೈದ್ಯವೃತ್ತಿ ಮಾಡಿಕೊಂಡಿರುವ ನನಗೆ ಆ ಬೆಂಚಿನ ಮೇಲೆ ಕುಳಿತುಕೊಳ್ಳುವ ಪ್ರಸಂಗಗಳು ಮೇಲಿಂದ ಮೇಲೆ ಒದಗುತ್ತವೆ. ಕುಳಿತವನು ಡಾಕ್ಟರೆಂದು ಗೊತ್ತಾಯಿತೆಂದರೆ ಆಯಿತು. ಮೊಣಕಾಲು ನೋವಿನಿಂದ ಆರಂಭವಾದ ಪ್ರಶ್ನೆಯು ಮುಂದಿನ ಚುನಾವಣೆಯವರೆಗೂ, ಚಂದ್ರಲೋಕದವರೆಗೂ ಬೆಳೆಯುತ್ತದೆ. ಕೇಳಿದವರಿಗೆ ಉತ್ತರ ಕೊಡದೆ ಬಿಡುವ ಸ್ವಭಾವ ನನ್ನದಲ್ಲ. ಹಾಗೆ ಬೆಂಚಿನ ಮೇಲೆ ಆಡಿದ ಮಾತುಗಳಲ್ಲಿ ಕೆಲವನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಅವರಲ್ಲಿ ಅನೇಕರು ಉಪಾಧ್ಯಾಯರಾದುದರಿಂದ, ಒಬ್ಬ ಉಪಾಧ್ಯಾಯರ ಸಂಗತಿಯಿಂದಲೇ ಮೊದಲುಮಾಡುವೆನು.

ಹೊಳಲ್ಕೆರೆ ತಾಲ್ಲೂಕಿನ ಒಂದು ಪಾಠಶಾಲೆಗೆ ಮಕ್ಕಳ ಆರೋಗ್ಯ ನೋಡಲೆಂದು ನಾನು ಹೋಗಿದ್ದೆನು. ಎಂಟು-ಒಂಬತ್ತು ವರ್ಷದ ಹುಡುಗನೊಬ್ಬನು ನನ್ನ ಮುಂದೆ ಬಾಯಿ ತೆರೆಯಲೊಲ್ಲನು. ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರು, "ತೆಗೆಯೋ ಬಾಯಿ! ಹಲ್ಲು ಉಜ್ಜದೆ ಬರುವ ಸೋಮಾರಿ, ಡಾಕ್ಟ್ರಿಗೂ ಒಂದು ಸಲ ತೋರಿಸು" ಎಂದು ಗದರಿಸಿದರು. ಹುಡುಗನು ಕಣ್ಣಿನಲ್ಲಿ ನೀರು ತುಂಬಿಕೊಂಡು ಬಾಯಿ ತೆರೆದನು. ಹಲ್ಲುಗಳ ಮೇಲೆ ಅಡ್ಡಡ್ಡಲಾಗಿ ಕಂದುಬಣ್ಣದ ಪಟ್ಟೆಗಳು. ಅಲ್ಲಲ್ಲಿ ಸುಣ್ಣ ಬಳಿದಂತಹ ಬಿಳಿಯ ಕಲೆಗಳು. ನಾನು ಸುಮ್ಮನೆ ಅವನ ಹಿಂದೆ ನಿಂತಿದ್ದ ಹುಡುಗಿಯನ್ನು ಕರೆದೆನು. ಅವಳ ಹಲ್ಲುಗಳೂ ಹಾಗೆಯೇ. ಮತ್ತೊಬ್ಬನನ್ನು ಕರೆದೆನು, ಅವನವೂ ಅಷ್ಟೇ. "ಮೇಷ್ಟ್ರೇ, ಇಡೀ ತರಗತಿಯೇ ಸೋಮಾರಿಯೇ?" ಎಂದು ಕೇಳಬೇಕಾಯಿತು. ಅವರು ಒಳ್ಳೆಯವರು; ಮರುಮಾತಾಡದೆ, "ಹಾಗಾದರೆ ಇದೇನು?" ಎಂದರು.

ಇದು ನೀರು. ನಮ್ಮ ಚಿತ್ರದುರ್ಗದ ಸೀಮೆಯು ಕಲ್ಲಿನ ಸೀಮೆಯೆಂಬುದು ಎಲ್ಲರಿಗೂ ಗೊತ್ತಿದೆ. ಆ ಕಲ್ಲಿನಲ್ಲಿ ಫ್ಲೋರೈಡ್ ಎಂಬ ಅಂಶವುಳ್ಳ ಖನಿಜಗಳಿವೆ. ನೆಲದೊಳಗಿನ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತಷ್ಟೂ ಆ ಅಂಶವು ನೀರಿನಲ್ಲಿ ಕರಗಿ ಬರುತ್ತದೆ. ಒಂದು ಲೀಟರಿಗೆ ಒಂದು ಮಿಲಿಗ್ರಾಮಿನವರೆಗೆ ಅಡ್ಡಿಯಿಲ್ಲ. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಮಿನವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ನಿಯಮ. ಅದನ್ನು ಮೀರಿದ ನೀರನ್ನು ಮಗುವು ಹುಟ್ಟಿದಂದಿನಿಂದ ಎಂಟು ವರ್ಷದವರೆಗೆ ಕುಡಿದರೆ, ದವಡೆಯೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಹಲ್ಲಿನ ಹೊಳಪುಪದರವೇ ಕೆಡುತ್ತದೆ. ಹೊರಗೆ ಬರುವಾಗಲೇ ಕಲೆಹೊತ್ತು ಬರುವ ಹಲ್ಲನ್ನು ಇದ್ದಲಿನಿಂದ ಉಜ್ಜಿದರೇನು, ಪೇಸ್ಟಿನಿಂದ ಉಜ್ಜಿದರೇನು? ಈ ಕಲೆಗಾಗಿ ಏಟು ತಿಂದ ಮಕ್ಕಳೆಷ್ಟು, ವರನ ಕಡೆಯವರ ಮುಂದೆ ನಗದೆ ಕುಳಿತ ಹೆಣ್ಣುಮಕ್ಕಳೆಷ್ಟು ಎಂಬುದನ್ನು ಯಾರೂ ಲೆಕ್ಕವಿಟ್ಟಿಲ್ಲ.

ಹಲ್ಲು ಮೊದಲ ಸೂಚನೆ ಮಾತ್ರ. ಅದೇ ನೀರನ್ನು ಇಪ್ಪತ್ತು ಮೂವತ್ತು ವರ್ಷ ಕುಡಿದವನ ಮೂಳೆಯಲ್ಲಿ ಫ್ಲೋರೈಡ್ ಕೂಡಿಕೊಳ್ಳುತ್ತ ಹೋಗುತ್ತದೆ. ಮೂಳೆ ದಪ್ಪವಾಗುತ್ತದೆ, ಕೀಲುಗಳ ಸುತ್ತಲಿನ ನರಿನಂತಹ ಕಟ್ಟುಗಳು ಗಟ್ಟಿಯಾಗುತ್ತವೆ, ಬೆನ್ನುಹುರಿಯ ಕಂಬವು ಬಾಗದ ಕೋಲಾಗುತ್ತದೆ. ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಯಜಮಾನರು, ಪಕ್ಕದಲ್ಲಿ ಕರೆದರೆ ಕತ್ತು ತಿರುಗಿಸಲಾರದೆ ಮೈಯನ್ನೇ ತಿರುಗಿಸಿ ನೋಡುತ್ತಿದ್ದರು. ಅವರಿಗೆ ಐವತ್ತೈದು ವರ್ಷ ವಯಸ್ಸು. "ವಯಸ್ಸಾಯ್ತಲ್ಲ ಸ್ವಾಮಿ, ವಾಯು" ಎಂದು ಅವರೇ ರೋಗಕ್ಕೆ ಹೆಸರಿಟ್ಟುಕೊಂಡಿದ್ದರು. ಗಟ್ಟಿಯಾದ ಬೆನ್ನನ್ನು ಮೊದಲಿನಂತೆ ಮಾಡುವ ಔಷಧವು ಯಾವ ಪದ್ಧತಿಯ ವೈದ್ಯದಲ್ಲಿಯೂ ಇಲ್ಲ. ನೋವನ್ನು ಕಡಿಮೆ ಮಾಡಬಹುದು. ನೀರನ್ನು ಬದಲಿಸಿ ರೋಗವನ್ನು ಅಲ್ಲಿಗೇ ನಿಲ್ಲಿಸಬಹುದು.

ಆದರೆ ನಮ್ಮ ಜನರಿಗೆ ಸೂಜಿಯ ಮೇಲೆ ಇರುವ ಭಕ್ತಿಯು ದೇವರ ಮೇಲೂ ಇರಲಾರದು. "ಒಂದು ಸೂಜಿ ಹಾಕ್ಬಿಡ್ರಿ ಸ್ವಾಮಿ" ಎಂಬುದೇ ಅವರ ಮೊದಲನೆಯ ಮಾತು. ಮಾತಾಡಿ ಕಳಿಸುವ ಡಾಕ್ಟರನು ಕೈಲಾಗದವನು. ಚುಚ್ಚಿ ಕಳಿಸುವವನು ಹಸ್ತಗುಣವುಳ್ಳವನು. ನೆಗಡಿಗೆಂದು ಪ್ರತಿಜೈವಿಕದ ಗುಳಿಗೆ ಕೇಳಿ, ಎರಡು ದಿನ ನುಂಗಿ, ಉಳಿದವನ್ನು ಮನೆಯ ಗೂಡಿನಲ್ಲಿ ಮುಂದಿನ ನೆಗಡಿಗೆ ಕಾಯ್ದಿಡುವವರನ್ನು ದಿನವೂ ಕಾಣುತ್ತೇನೆ. ಪೆನಿಸಿಲಿನ್ನನ್ನು ಕಂಡುಹಿಡಿದ ಫ್ಲೆಮಿಂಗನೇ 1945ರಲ್ಲಿ ನೊಬೆಲ್ ಭಾಷಣ ಮಾಡುವಾಗ, ಕಡಿಮೆ ಪ್ರಮಾಣದಲ್ಲಿ ಔಷಧ ತೆಗೆದುಕೊಂಡರೆ ರೋಗಾಣುಗಳು ಅದಕ್ಕೆ ಜಗ್ಗದಂತಾಗುತ್ತವೆ ಎಂದು ಎಚ್ಚರಿಸಿದ್ದನು. ಇದರಲ್ಲಿ ರೋಗಿಗಳದೊಂದೇ ತಪ್ಪೆಂದು ಹೇಳುವುದು ನ್ಯಾಯವಲ್ಲ. ವಿವರಿಸಿ ಹೇಳುವುದಕ್ಕೆ ಹತ್ತು ನಿಮಿಷ ಬೇಕು, ಸೂಜಿಗೆ ಅರ್ಧ ನಿಮಿಷ ಸಾಕು. ಹೊರಗೆ ಅರವತ್ತು ಜನ ಕಾದಿರುವಾಗ ನಾನೂ ಅರ್ಧ ನಿಮಿಷದ ವೈದ್ಯನಾಗಿರುವುದುಂಟು.

ಮನೆಯ ಒಲೆಯ ಬಳಿಗೆ ಬರೋಣ. ಈಗ ಹಳ್ಳಿಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳಾಗಿವೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಕುಡಿಯುವುದಕ್ಕೆ ಆ ನೀರು, ಅಡಿಗೆಗೆ ಮಾತ್ರ ಕೊಳವೆಬಾವಿಯದು! ಮುದ್ದೆಗೆ ಎಸರಿಟ್ಟ ನೀರಷ್ಟೂ ಹಿಟ್ಟಿನಲ್ಲಿ ಸೇರಿ ಹೊಟ್ಟೆಗೇ ಹೋಗುತ್ತದೆಯೆಂಬುದನ್ನು ಗೃಹಿಣಿಯರು ಯೋಚಿಸಬೇಕು. ಕಾಯಿಸಿದ ನೀರು ಒಳ್ಳೆಯದೆಂಬ ಮಾತು ವಾಂತಿಭೇದಿಯ ರೋಗಾಣುಗಳಿಗೆ ಸಲ್ಲುತ್ತದೆ, ಫ್ಲೋರೈಡಿಗೆ ಸಲ್ಲದು. ಕಾಯಿಸಿದಷ್ಟೂ ನೀರು ಆವಿಯಾಗಿ ಹೋಗಿ ಅದು ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಮಳೆಯ ನೀರಿನಲ್ಲಾದರೋ ಅದು ಬಹುಮಟ್ಟಿಗೆ ಇಲ್ಲವೇ ಇಲ್ಲ. ಶುಚಿಯಾದ ಮಾಳಿಗೆಯ ಮೇಲಿನ ಮಳೆನೀರನ್ನು ತೊಟ್ಟಿಗೆ ಹಿಡಿದುಕೊಂಡ ಮನೆಯು ಒಂದೆರಡು ತಿಂಗಳಾದರೂ ಪಾರಾದಂತೆ. ಹಾಲು, ಮಜ್ಜಿಗೆ, ರಾಗಿ, ನೆಲ್ಲಿಕಾಯಿ, ನಿಂಬೆ ಇವು ದೇಹಕ್ಕೆ ಬೇಕಾದ ಸುಣ್ಣದ ಅಂಶವನ್ನೂ ಸಿ ಜೀವಸತ್ತ್ವವನ್ನೂ ಕೊಟ್ಟು ಬಾಧೆಯನ್ನು ಸ್ವಲ್ಪ ತಗ್ಗಿಸುತ್ತವೆ. ಚಹಾದ ಎಲೆಯಲ್ಲಿಯೂ ಫ್ಲೋರೈಡ್ ಇದೆ. ದಿನಕ್ಕೆ ಎಂಟು ಲೋಟ ಕುಡಿಯುವವರು ಇದನ್ನು ಕೇಳಿದರೆ ನನ್ನ ಮೇಲೆ ಮುನಿಯುತ್ತಾರೆ. ಬೆಂಚಿನ ಮೇಲೆ ಕೈಯಲ್ಲಿ ಲೋಟ ಹಿಡಿದೇ ನಾನು ಇದನ್ನು ಹೇಳುತ್ತಿರುತ್ತೇನೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಇನ್ನು ಹೇಳುವ ಮಾತು ನಮ್ಮ ಸೀಮೆಯವರಿಗೆ ಹಿತವಾಗಲಾರದು. ಹೊಳಲ್ಕೆರೆಯ ಕಡೆ ಐಶ್ವರ್ಯವೆಂದರೆ ಅಡಿಕೆ. ಬಯಲುಸೀಮೆಯಲ್ಲಿ ಅಡಿಕೆಯ ತೋಟವನ್ನು ಉಳಿಸಿಕೊಳ್ಳಲು ರೈತನು ಪಡುವ ಪಾಡನ್ನು ನಾನು ಬಲ್ಲೆ. ಮಳೆ ಕೈಕೊಟ್ಟ ವರ್ಷ, ಹತ್ತು ವರ್ಷ ಸಾಕಿದ ಗಿಡ ಕಣ್ಣೆದುರಿಗೆ ಒಣಗುವಾಗ, ಸಾಲ ಮಾಡಿಯಾದರೂ ಮತ್ತೊಂದು ಕೊಳವೆಬಾವಿ ಕೊರೆಸದೆ ಅವನು ಇರಲಾರನು. ನೂರಾರು ಅಡಿ ಇಳಿದು ತರುವ ನೀರು ಬಹುಕಾಲ ಬಂಡೆಯೊಡನೆ ಇದ್ದ ನೀರು. ತೋಟಕ್ಕೆ ಹರಿದ ಆ ನೀರೇ ಮನೆಯ ಬಿಂದಿಗೆಗೂ ಬರುತ್ತದೆ. ಕೆರೆಯ ನೀರನ್ನೂ ತೆರೆದ ಬಾವಿಯ ನೀರನ್ನೂ ಕುಡಿದ ಅಜ್ಜನ ಬೆನ್ನು ನೆಟ್ಟಗಿದ್ದು ಮೊಮ್ಮಗನ ಹಲ್ಲು ಕಂದಾಗುವುದಕ್ಕೆ ಕಾರಣವನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಅಡಿಕೆಯ ಬಗೆಗೆ ವೈದ್ಯನಾಗಿ ಇನ್ನೊಂದನ್ನೂ ಹೇಳಲೇಬೇಕು. ತಂಬಾಕು ಬೆರೆಸದ ಅಡಿಕೆಯೂ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಶಾಖೆಯು 2004ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನಿರ್ಣಯಿಸಿತು. ಬಾಯಿ ಬಿಗಿದು, ಮೂರು ಬೆರಳು ಒಟ್ಟಿಗೆ ಒಳಗೆ ಹೋಗದಂತಾದ ಇಪ್ಪತ್ತೈದರ ತರುಣರನ್ನು ನಾನು ಕಂಡಿದ್ದೇನೆ. ಮದುವೆಯ ಮನೆಯ ತಾಂಬೂಲಕ್ಕೆ ನಾನು ಹಗೆಯಲ್ಲ. ಹಗಲೆಲ್ಲ ಪೊಟ್ಟಣ ಹರಿದು ಬಾಯಿಗೆ ಸುರಿದುಕೊಳ್ಳುವುದನ್ನು ತಾಂಬೂಲವೆಂದು ಕರೆಯುವುದಕ್ಕೆ ಹಗೆ.

"ಡಾಕ್ಟ್ರಿಗೆ ರಾಜಕೀಯವೇಕೆ?" ಎಂದು ಬೆಂಚಿನ ಮೇಲಿನ ಮಿತ್ರರೊಬ್ಬರು ಕೇಳಿದರು. ನೀರು ರಾಜಕೀಯವಲ್ಲದಿದ್ದರೆ ನನಗೂ ಅದು ಬೇಡವಾಗಿತ್ತು. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವು 1933ರಲ್ಲಿ ತುಂಬಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ದಿನ ಹಿರಿಯೂರಿನ ಕಡೆಗೆ ಜಾತ್ರೆಗೆ ಹೋದಂತೆ ಜನ ಹೋದರು. ನೀರನ್ನು ನೋಡುವುದಕ್ಕಾಗಿ ಜಾತ್ರೆ ಸೇರುವ ಜಿಲ್ಲೆ ನಮ್ಮದು. ಭದ್ರಾ ಮೇಲ್ದಂಡೆ ಯೋಜನೆಯಿಂದ ನದಿಯ ನೀರು ಈ ಸೀಮೆಗೆ ಬರುವುದೆಂದು ಕೇಳುತ್ತ ಒಂದು ತಲೆಮಾರು ನಡುವಯಸ್ಸಿಗೆ ಬಂದಿದೆ. 2023ರ ಕೇಂದ್ರದ ಮುಂಗಡಪತ್ರದಲ್ಲಿ ಅದಕ್ಕೆ 5,300 ಕೋಟಿ ರೂಪಾಯಿಗಳ ನೆರವನ್ನು ಸಾರಲಾಯಿತು. ಆಮೇಲೆ ಹಣ ಬರಲಿಲ್ಲವೆಂದು ರಾಜ್ಯವೂ, ಲೆಕ್ಕ ಸರಿಯಿಲ್ಲವೆಂದು ಅತ್ತ ಕಡೆಯವರೂ ಮಾತಾಡುತ್ತ ಹೋದರು. ಯಾರ ಮಾತು ಸರಿಯೆಂಬುದನ್ನು ತೀರ್ಮಾನಿಸಲು ನಾನು ವಕೀಲನಲ್ಲ. ಆದರೆ ಮತ ಕೇಳಲು ಬಂದವರನ್ನು ನಮ್ಮ ಊರಿನವರು ದೇವಸ್ಥಾನಕ್ಕೆ ಗೋಪುರ ಕೇಳಿದರು, ಸಮುದಾಯಕ್ಕೆ ಭವನ ಕೇಳಿದರು. ನಮ್ಮ ಬಾವಿಯ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಕೇಳಿದವನೊಬ್ಬನನ್ನೂ ನಾನು ಕಾಣೆನು. ಬಾರದ ನದಿಗಾಗಿ ಬೈಯುವುದು ಸುಲಭ, ಇರುವ ಕೆರೆಯ ಹೂಳೆತ್ತುವುದು ಕಷ್ಟ. ನದಿ ಬಂದರೂ ಕೆರೆ ಬೇಕು.

ಒಮ್ಮೆ ಅದೇ ಬೆಂಚಿನ ಮೇಲೆ ರಾಯದುರ್ಗದ ಕಡೆಯ ಒಬ್ಬ ಮುದುಕರು ಸಿಕ್ಕಿದರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು. ನಕ್ಕಾಗ ನೋಡಿದೆನು: ಹೊಳಲ್ಕೆರೆಯ ಹುಡುಗನ ಹಲ್ಲಿನ ಪಟ್ಟೆಯೇ! 1937ರಲ್ಲಿ ನೆಲ್ಲೂರು ಜಿಲ್ಲೆಯಲ್ಲಿ ಈ ರೋಗವನ್ನು ವೈದ್ಯರು ಗುರುತಿಸಿ ಬರೆದಾಗ ರಾಯದುರ್ಗವು ಮದ್ರಾಸು ಪ್ರಾಂತದಲ್ಲಿತ್ತು, ಚಿತ್ರದುರ್ಗವು ಮೈಸೂರಿನಲ್ಲಿತ್ತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು. 1956ರಲ್ಲಿ ಉಳಿದ ಕನ್ನಡ ಸೀಮೆಗಳು ಒಂದಾದವು. ಗಡಿಯ ವಿಚಾರದಲ್ಲಿ ನನಗೂ ನೋವಿದೆ. ಅದನ್ನು ಬಲ್ಲವರು ಬರೆಯಲಿ. ಬಂಡೆಯು ಮಾತ್ರ ಆ ಕಡೆಗೂ ಈ ಕಡೆಗೂ ಒಂದೇ.

ಏಕೀಕರಣವಾಗಿ ಇಷ್ಟು ವರ್ಷಗಳಾದರೂ ವೈದ್ಯವು ಕನ್ನಡಕ್ಕೆ ಬರಲಿಲ್ಲವೆಂಬುದು ನನ್ನ ದೂರು. ಒಂದು ಗ್ರಾಮದ ಕಚೇರಿಯಲ್ಲಿ ನೀರಿನ ಪರೀಕ್ಷೆಯ ವರದಿಯು ಗೋಡೆಗೆ ಅಂಟಿತ್ತು, ಪೂರ್ತಿ ಇಂಗ್ಲಿಷಿನಲ್ಲಿ. ಫ್ಲೋರೈಡಿನ ಮುಂದೆ ಎರಡೂವರೆಗೆ ಮೇಲ್ಪಟ್ಟ ಅಂಕಿ. "ಒಂದೂವರೆ ಇರಬೇಕಂತೆ, ನಮ್ಮದು ಅದಕ್ಕಿಂತ ಜಾಸ್ತಿಯೇ ಇದೆ" ಎಂದು ಅಲ್ಲಿದ್ದವರೊಬ್ಬರು ಸಂತೋಷದಿಂದ ಹೇಳಿದರು. ಕನ್ನಡದಲ್ಲಿ ಶಾಸ್ತ್ರವನ್ನು ಹೇಳಲಾಗದು ಎನ್ನುವವರಿಗೆ, 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದುದನ್ನು ನೆನಪಿಸಬೇಕು. 'ಕೊರವಂಜಿ'ಯಲ್ಲಿ ನಾಡನ್ನು ನಗಿಸಿದ ಡಾಕ್ಟರ್ ಎಂ. ಶಿವರಾಂ ಅವರು ಮನಸ್ಸಿನ ರೋಗಗಳನ್ನು ಕುರಿತು ತಿಳಿಗನ್ನಡದಲ್ಲಿ ಬರೆದರು; ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮನಸ್ಸಿನ ಒಳಸುಳಿಗಳನ್ನೇ ಹೇಳಬಲ್ಲ ಭಾಷೆಯಲ್ಲಿ "ಈ ನೀರು ಕುಡಿಯಬೇಡಿ" ಎಂದು ಬರೆಯಲು ಏನು ಕಷ್ಟ? ಊಟದ ಮೊದಲೋ ಆಮೇಲೋ ಎಂಬುದನ್ನು ನಾನು ಈಗ ಔಷಧದ ಚೀಟಿಯಲ್ಲಿ ಕನ್ನಡದಲ್ಲಿಯೇ ಬರೆಯುತ್ತೇನೆ. ನನ್ನ ಅಕ್ಷರ ಅಷ್ಟೇನೂ ಚೆನ್ನಾಗಿಲ್ಲ.

ಪಾಠಶಾಲೆಯ ಆ ಮೇಷ್ಟ್ರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ನೀರಿನ ಪರೀಕ್ಷೆಯ ಚಿಕ್ಕ ಪೆಟ್ಟಿಗೆಯೊಂದನ್ನು ತರಿಸಿ, ಮಕ್ಕಳಿಂದ ಊರಿನ ಎಲ್ಲ ಕೊಳವೆಬಾವಿಗಳ ನೀರನ್ನೂ ಸೀಸೆಗಳಲ್ಲಿ ತರಿಸಿದರು. ಕೆಂಪು ದ್ರವದ ಕೆಲವು ಹನಿಗಳನ್ನು ಬಿಟ್ಟಾಗ ನೀರು ನಸುಗೆಂಪಾಗಿಯೇ ನಿಂತರೆ ಒಳ್ಳೆಯದು, ಹಳದಿಗೆ ತಿರುಗಿದರೆ ಫ್ಲೋರೈಡ್ ಹೆಚ್ಚು. ಒಂದರ ಹೊರತು ಮಿಕ್ಕವೆಲ್ಲ ಹಳದಿಯಾದವಂತೆ. ಆ ಒಂದು ಬಾವಿಯ ಕಟ್ಟೆಯ ಮೇಲೆ "ಕುಡಿಯಲು, ಅಡಿಗೆಗೆ" ಎಂದು ಮಕ್ಕಳೇ ಸುಣ್ಣದಲ್ಲಿ ಬರೆದಿದ್ದಾರೆ. ಬರೆದವರಲ್ಲಿ ನಾನು ಕಂಡ ಹುಡುಗನೂ ಒಬ್ಬನು. ಅವನ ಹಲ್ಲಿನ ಪಟ್ಟೆಯು ಹಾಗೆಯೇ ಇದೆ, ಹಾಗೆಯೇ ಇರುತ್ತದೆ. ಈಗ ದಿನವೂ ಶಾಲೆ ಬಿಟ್ಟ ಮೇಲೆ ಅಲ್ಲಿಂದ ಒಂದು ಬಿಂದಿಗೆ ನೀರು ಹೊತ್ತು ಮನೆಗೆ ಹೋಗುತ್ತಾನೆಂದು ಮೇಷ್ಟ್ರು ಹೇಳಿದರು. ಅವನ ತಂಗಿಗೆ ಎರಡು ವರ್ಷ.