ಹಾಲಿನ ಮೇಲೊಂದು ನೀಲಿ ಉಂಗುರ

ಏಳು ತಿಂಗಳ ಗಬ್ಬದ ಹಸು ಕಂದು ಹಾಕಿದರೆ ಹಳ್ಳಿಯಲ್ಲಿ ಕಾರಣಗಳಿಗೆ ಬರವಿಲ್ಲ. ಜಾರಿ ಬಿತ್ತು, ಪಕ್ಕದ ಹಸು ಹಾಯಿತು, ದೃಷ್ಟಿ ತಗುಲಿತು ಎನ್ನುವವರುಂಟು. ಮುಂದಿನ ಸಂತೆಯಲ್ಲಿ ಅದು ಬೇರೊಬ್ಬರ ಕೊಟ್ಟಿಗೆ ಸೇರುತ್ತದೆ. ಕೆಲವು ಕಾಲದ ನಂತರ ಅಲ್ಲಿನ ಹಸುಗಳೂ ಕಂದು ಹಾಕತೊಡಗಿದರೆ, ಸಂತೆಯಿಂದ ತಂದ ಹಸುವಿನೊಂದಿಗೆ ರೋಗವೂ ಬಂದಿರಬಹುದೆಂದು ಎಷ್ಟು ಜನರಿಗೆ ಹೊಳೆದೀತು?

ಇಂಥ ಗರ್ಭಪಾತಕ್ಕೆ ಒಂದು ಮುಖ್ಯ ಕಾರಣ ಬ್ರೂಸೆಲ್ಲೋಸಿಸ್, ಅಂದರೆ ಕಂದು ರೋಗ. ಬ್ರೂಸೆಲ್ಲಾ ಅಬಾರ್ಟಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಈ ರೋಗದಲ್ಲಿ ಬಿದ್ದ ಕಂದು, ಮಾಸು, ಸ್ರಾವ ಎಲ್ಲವೂ ರೋಗಾಣುಗಳ ಗಣಿ. ಅವು ತಾಗಿದ ಮೇವನ್ನು ತಿಂದ ಹಸುವಿಗೆ ಸೋಂಕು ತಗಲುತ್ತದೆ. ಹಸಿ ಹಾಲು ಕುಡಿದವರಿಗೆ, ಮಾಸನ್ನು ಬರಿಗೈಯಲ್ಲಿ ಮುಟ್ಟಿದವರಿಗೆ ಬಿಟ್ಟುಬಿಟ್ಟು ಬರುವ ಜ್ವರ, ಬೆವರು, ಕೀಲುನೋವು ಕಾಣಿಸಿಕೊಳ್ಳಬಹುದು.

ಇದೆಲ್ಲ ಒಮ್ಮೆಗೇ ತಿಳಿದದ್ದಲ್ಲ. 1887ರಲ್ಲಿ ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರಲ್ಲಿ ಒಂದು ರೋಗಾಣುವನ್ನು ಕಂಡರು. 1897ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್, ಹಸುಗಳ ಗರ್ಭಪಾತಕ್ಕೆ ಕಾರಣವಾದ ರೋಗಾಣುವನ್ನು ವರ್ಣಿಸಿದರು. ಇವೆರಡೂ ಹತ್ತಿರದ ಬಂಧುಗಳೆಂದು ಅಮೆರಿಕದ ಆಲಿಸ್ ಇವಾನ್ಸ್ 1918ರಲ್ಲಿ ಪ್ರಕಟಿಸಿದಾಗ ಅನೇಕ ವಿಜ್ಞಾನಿಗಳು ನಂಬಲಿಲ್ಲ. 1922ರಲ್ಲಿ ಆಕೆಗೇ ಆ ಸೋಂಕು ತಗಲಿ, ವರ್ಷಗಟ್ಟಲೆ ಕಾಡಿತು.

ಹಿಂಡಿನಲ್ಲಿ ರೋಗವಿದೆಯೆಂದು ತಿಳಿಯುವುದು ಹೇಗೆ? ಸೋಂಕು ತಗಲಿದ ಹಸು ಒಮ್ಮೆ ಕಂದು ಹಾಕಿ, ಮುಂದೆ ಸರಿಯಾಗಿಯೇ ಈಯಬಹುದು. ನೋಡಲು ಆರೋಗ್ಯವಾಗಿರುತ್ತದೆ. ಆದ್ದರಿಂದ ಮೊದಲು ಇಡೀ ಹಿಂಡಿನ ಬೆರೆಸಿದ ಹಾಲನ್ನು ಪರೀಕ್ಷಿಸುತ್ತಾರೆ. ಸತ್ತ ಬ್ರೂಸೆಲ್ಲಾ ಕಣಗಳಿಗೆ ನೀಲಿ ಬಣ್ಣ ಹಾಕಿ, ಅದರ ಒಂದು ಹನಿಯನ್ನು ಹಾಲಿಗೆ ಸೇರಿಸಿ, ಒಂದು ಗಂಟೆ ಬೆಚ್ಚಗಿಡುತ್ತಾರೆ. ಹಾಲಿನಲ್ಲಿ ರೋಗದ ವಿರುದ್ಧದ ಪ್ರತಿಕಾಯಗಳಿದ್ದರೆ ಬಣ್ಣದ ಕಣಗಳು ಗುಂಪುಗೂಡಿ ಕೊಬ್ಬಿನೊಡನೆ ಮೇಲೇರಿ, ಕೆನೆಯಲ್ಲಿ ನೀಲಿ ಉಂಗುರ ಮೂಡುತ್ತದೆ. ಕೆಚ್ಚಲು ಬಾವಿನ ಹಾಲು, ಗಿಣ್ಣುಹಾಲುಗಳಲ್ಲೂ ಉಂಗುರ ಕಾಣಬಹುದು. ಹಾಗಾಗಿ ಮುಂದೆ ಒಂದೊಂದೇ ಹಸುವಿನ ರಕ್ತ ಪರೀಕ್ಷೆ ಆಗಲೇಬೇಕು.

ವಿದ್ಯಾರ್ಥಿಗಳೇ, ಈಗೊಂದು ಲೆಕ್ಕ. ಒಂದು ಊರಿನ 10 ಮನೆಗಳಲ್ಲಿ ತಲಾ 4 ಹಸುಗಳಿವೆ ಎನ್ನಿ. 40ರಲ್ಲಿ 6ಕ್ಕೆ ಸೋಂಕು, ಶೇಕಡಾ 15. ಆ ಆರೂ ಹಸುಗಳು ಎರಡೇ ಮನೆಗಳಲ್ಲಿದ್ದರೆ ಸೋಂಕಿತ ಮನೆಗಳು ಶೇ. 20. ಮನೆಗೊಂದರಂತೆ ಆರು ಮನೆಗಳಲ್ಲಿದ್ದರೆ ಶೇ. 60! ಮೊದಲನೆಯದರಲ್ಲಿ ಆ ಎರಡು ಕೊಟ್ಟಿಗೆಗಳಲ್ಲಿ ಏನು ನಡೆದಿದೆಯೆಂದು ಕೇಳಬೇಕು. ಎರಡನೆಯದರಲ್ಲಿ ಆರೂ ಮನೆಗಳಿಗೆ ಸಮಾನವಾದದ್ದೇನು, ಒಂದೇ ಗೋಮಾಳವೇ, ಒಂದೇ ಸಂತೆಯೇ ಎಂದು ಹುಡುಕಬೇಕು. ಪಶು ಆಸ್ಪತ್ರೆಗೆ ಬಂದ ಹಸುಗಳನ್ನಷ್ಟೇ ಎಣಿಸಿದರೆ ಊರಿನ ಲೆಕ್ಕ ಸಿಗದು. ಕಾಯಿಲೆಯವನ್ನೇ ಹೆಚ್ಚಾಗಿ ಅಲ್ಲಿಗೆ ತರುತ್ತಾರಲ್ಲ!

ಇದೇ ಸೋಂಕುಶಾಸ್ತ್ರ. ಬೆಂಗಳೂರಿನ ಯಲಹಂಕದಲ್ಲಿರುವ ‘ನಿವೇದಿ’ ಎಂಬ ಕೇಂದ್ರ ಸಂಸ್ಥೆ ಜಾನುವಾರು ರೋಗಗಳನ್ನು ಹೀಗೆಯೇ ಅಭ್ಯಸಿಸುತ್ತದೆ. ಜೀವಶಾಸ್ತ್ರದ ಜೊತೆಗೆ ಗಣಿತವೂ ಇಷ್ಟವಾಗುವ ಮಕ್ಕಳು ಪಶುವೈದ್ಯ ಪದವಿ ಪಡೆದು ಈ ದಾರಿ ಹಿಡಿಯಬಹುದು.

ಹಸುವಿಗೆ ಈ ರೋಗ ಬಂದ ಮೇಲೆ ನೆಚ್ಚಬಹುದಾದ ಚಿಕಿತ್ಸೆಯಿಲ್ಲ. ತಡೆಯಲು ಲಸಿಕೆಯಿದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಜೀವನದಲ್ಲಿ ಒಮ್ಮೆ ಇದನ್ನು ಹಾಕಲಾಗುತ್ತದೆ. ಗಂಡುಕರುಗಳಿಗೂ ಗಬ್ಬದ ಹಸುಗಳಿಗೂ ಹಾಕುವಂತಿಲ್ಲ.

ಹೆತ್ತವರು ಮಾಡಬೇಕಾದದ್ದು ಇಷ್ಟೇ. ಹಾಲನ್ನು ಚೆನ್ನಾಗಿ ಕಾಯಿಸಿ ಮಕ್ಕಳಿಗೆ ಕೊಡಿ. ಹಸು ಕಂದು ಹಾಕಿದಾಗ ಮಕ್ಕಳನ್ನು ದೂರವಿಡಿ. ಕೈಗವಸು ತೊಟ್ಟು, ಕಂದನ್ನೂ ಮಾಸನ್ನೂ ಸುಣ್ಣ ಹಾಕಿ ಆಳವಾಗಿ ಹೂಳಿ. ಪಶುವೈದ್ಯರನ್ನು ಕರೆಸಿ ರಕ್ತ ಪರೀಕ್ಷೆ ಮಾಡಿಸಿ. ಫಲಿತಾಂಶ ಕೈಸೇರುವವರೆಗೆ ಆ ಹಸುವನ್ನು ಸಂತೆಗೆ ಹೊಡೆಯಬೇಡಿ.