ವಿಷದ ಲಾರಿ ಯಾರ ಊರಿಗೆ ಹೋಗುತ್ತದೆ?

ಪರಿಸರ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಗಿಡ ನೆಡುವುದು. ಜೂನ್ 5 ಬಂತೆಂದರೆ ಮಸೀದಿಯ ವಠಾರದಲ್ಲಿ, ಮದ್ರಸದ ಅಂಗಳದಲ್ಲಿ ನಾಲ್ಕು ಗಿಡ ನೆಟ್ಟು, ಒಂದು ಫೋಟೊ ತೆಗೆದು ಪೇಪರಿಗೆ ಕಳಿಸುತ್ತೇವೆ. ಗಿಡ ನೆಡುವುದು ಒಳ್ಳೆಯ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪರಿಸರದ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಕಾರ್ಖಾನೆಯ ಹೊಗೆ ಯಾರ ಮನೆಯೊಳಗೆ ಬರುತ್ತದೆ? ಪೇಟೆಯ ಕಸ ಯಾರ ತೋಟದ ಪಕ್ಕ ಬೀಳುತ್ತದೆ? ಆ ಜಾಗವನ್ನು ಆರಿಸಿದವರು ಯಾರು? ಅಲ್ಲಿಯ ಜನರನ್ನು ಒಂದು ಮಾತು ಕೇಳಿದ್ದಾರಾ? ಇವೂ ಪರಿಸರದ ಪ್ರಶ್ನೆಗಳೇ. ನಿಜ ಹೇಳುವುದಾದರೆ ಮೊದಲು ಕೇಳಬೇಕಾದದ್ದು ಇವನ್ನೇ.

ಈ ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳಿ ಜಗತ್ತಿಗೆ ಕೇಳಿಸಿದವರು ಅಮೆರಿಕದ ಒಂದು ಬಡ ಪ್ರದೇಶದ ಕಪ್ಪು ಜನರು. 1978ರಲ್ಲಿ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಪಿಸಿಬಿ ಎಂಬ ವಿಷ ಸೇರಿದ ಟ್ರಾನ್ಸ್‌ಫಾರ್ಮರ್ ಎಣ್ಣೆಯನ್ನು ಲಾರಿಯಲ್ಲಿ ತಂದು ಸುಮಾರು 240 ಮೈಲು ಉದ್ದಕ್ಕೆ ರಸ್ತೆ ಬದಿಯಲ್ಲಿ ಕದ್ದು ಸುರಿಯಲಾಯಿತು. ಕಾನೂನು ಪ್ರಕಾರ ವಿಲೇವಾರಿ ಮಾಡಿದರೆ ಖರ್ಚು ಜಾಸ್ತಿ, ಅದನ್ನು ಉಳಿಸುವುದಕ್ಕೆ ಈ ದಾರಿ. ಆಮೇಲೆ ಆ ವಿಷದ ಮಣ್ಣನ್ನು ಕೆರೆದು ಎಲ್ಲಾದರೂ ಹೂಳಬೇಕಲ್ಲ? ಸರಕಾರ ಆರಿಸಿದ್ದು ವಾರೆನ್ ಕೌಂಟಿಯ ಆಫ್ಟನ್ ಎಂಬ ಹಳ್ಳಿಯನ್ನು. ಅಲ್ಲಿ ಅಂತರ್ಜಲ ತೀರಾ ಮೇಲೆ ಇತ್ತು, ಜನರು ಬಾವಿ ನೀರು ಕುಡಿಯುವವರು. ವಿಷ ಹೂಳಲು ಅದು ಒಳ್ಳೆಯ ಜಾಗ ಅಂತ ಹೇಳುವುದು ಕಷ್ಟ. ಆದರೆ ಅಲ್ಲಿಯವರಲ್ಲಿ ಹೆಚ್ಚಿನವರು ಕಪ್ಪು ಜನರು, ಬಡವರು, ರಾಜಧಾನಿಯಲ್ಲಿ ಅವರ ಪರವಾಗಿ ಮಾತಾಡುವವರು ಇರಲಿಲ್ಲ.

1982ರ ಸೆಪ್ಟೆಂಬರಿನಲ್ಲಿ ಲಾರಿಗಳು ಬರತೊಡಗಿದಾಗ ಜನರು ಬೀದಿಗೆ ಬಂದರು. ಊರಿನ ಚರ್ಚಿನಲ್ಲಿ ಸೇರಿ, ಅಲ್ಲಿಂದ ಮೆರವಣಿಗೆ ಹೊರಟು, ಲಾರಿಯ ಎದುರು ರಸ್ತೆಯಲ್ಲಿ ಮಲಗಿದರು. ಕಪ್ಪು ಜನರ ಜೊತೆ ಊರಿನ ಬಿಳಿಯರೂ ಇದ್ದರು. ಸುಮಾರು ಆರು ವಾರ ನಡೆದ ಹೋರಾಟದಲ್ಲಿ 500ಕ್ಕೂ ಹೆಚ್ಚು ಜನರ ಬಂಧನವಾಯಿತು. ಆದರೂ ಲಾರಿಗಳು ನಿಲ್ಲಲಿಲ್ಲ. ವಿಷದ ಮಣ್ಣು ಅಲ್ಲೇ ಹೂಳಲ್ಪಟ್ಟಿತು.

ಸೋತರು ಅಂತ ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಅಂದು ಬಂಧನಕ್ಕೊಳಗಾದವರಲ್ಲಿ ವಾಲ್ಟರ್ ಫಾಂಟ್ರಾಯ್ ಎಂಬ ಸಂಸತ್ ಪ್ರತಿನಿಧಿಯೂ ಇದ್ದರು. ಅವರು ವಾಷಿಂಗ್ಟನ್‌ಗೆ ಹಿಂದಿರುಗಿ, ಇಂತಹ ಗುಂಡಿಗಳು ಎಲ್ಲೆಲ್ಲಿವೆ ಎಂದು ಸರಕಾರದ ಲೆಕ್ಕಪರಿಶೋಧನಾ ಸಂಸ್ಥೆಯಿಂದ ತನಿಖೆ ಮಾಡಿಸಿದರು. 1983ರಲ್ಲಿ ವರದಿ ಬಂತು. ಆಗ್ನೇಯ ಭಾಗದ ಎಂಟು ರಾಜ್ಯಗಳಲ್ಲಿ ಅಂತಹ ದೊಡ್ಡ ವಿಷದ ಗುಂಡಿಗಳು ನಾಲ್ಕು ಇದ್ದವು. ಅದರಲ್ಲಿ ಮೂರು ಕಪ್ಪು ಜನರೇ ಹೆಚ್ಚಿರುವ ಊರುಗಳಲ್ಲಿದ್ದವು. 1987ರಲ್ಲಿ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಎಂಬ ಚರ್ಚ್ ಸಂಸ್ಥೆ ಇಡೀ ದೇಶದ ಅಧ್ಯಯನ ಮಾಡಿಸಿತು. ವಿಷದ ತ್ಯಾಜ್ಯ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಬೇಕಾದರೆ ಆ ಊರಿನವರ ಆದಾಯಕ್ಕಿಂತಲೂ ಅವರ ಮೈಬಣ್ಣ ನೋಡಿದರೆ ಹೆಚ್ಚು ಸರಿಯಾಗಿ ಹೇಳಬಹುದು ಎಂಬುದು ಅದರ ಸಾರಾಂಶ. 1994ರಲ್ಲಿ ಅಧ್ಯಕ್ಷ ಕ್ಲಿಂಟನ್, ಪರಿಸರದ ತೀರ್ಮಾನಗಳಲ್ಲಿ ಬಡವರಿಗೆ, ಅಲ್ಪಸಂಖ್ಯಾತರಿಗೆ ಅನ್ಯಾಯ ಆಗುತ್ತಿದೆಯೇ ಎಂದು ನೋಡಬೇಕೆಂದು ಸರಕಾರಿ ಇಲಾಖೆಗಳಿಗೆ ಆದೇಶ ಹೊರಡಿಸಿದರು. ಆಫ್ಟನ್‌ನ ಮಣ್ಣಿನ ಶುದ್ಧೀಕರಣ ಮುಗಿದದ್ದು 2003ರ ಕೊನೆಗೆ, ಅಂದರೆ ಇಪ್ಪತ್ತೊಂದು ವರ್ಷದ ನಂತರ. ಆ ಆದೇಶವನ್ನೂ 2025ರ ಜನವರಿಯಲ್ಲಿ ಟ್ರಂಪ್ ಸರಕಾರ ರದ್ದು ಮಾಡಿತು. ನ್ಯಾಯ ಒಮ್ಮೆ ಸಿಕ್ಕಿದರೆ ಸಾಕು, ಅದು ಹಾಗೆಯೇ ಉಳಿಯುತ್ತದೆ ಅಂತ ಯಾರೂ ಅಂದುಕೊಳ್ಳಬೇಡಿ.

ಬಣ್ಣದ ಜಗಳ ಅಮೆರಿಕದ್ದು, ನಮಗೇನು ಅಂತ ಕೆಲವರು ಕೇಳಬಹುದು. ಹಾಗಾದರೆ ಒಂದು ಕಂಪೆನಿಯ ಕಥೆ ನೋಡಿ. ಮಿಥೈಲ್ ಐಸೊಸೈನೇಟ್ ಎಂಬ ಅಪಾಯದ ರಾಸಾಯನಿಕವನ್ನು ಯೂನಿಯನ್ ಕಾರ್ಬೈಡ್ ಕಂಪೆನಿ ಅಮೆರಿಕದಲ್ಲಿ ತಯಾರಿಸುತ್ತಿದ್ದದ್ದು ವೆಸ್ಟ್ ವರ್ಜೀನಿಯಾ ರಾಜ್ಯದ ಇನ್‌ಸ್ಟಿಟ್ಯೂಟ್ ಎಂಬ ಊರಿನಲ್ಲಿ. ಬಿಳಿಯರೇ ತುಂಬಿರುವ ಆ ರಾಜ್ಯದಲ್ಲಿ ಕಪ್ಪು ಜನರು ಹೆಚ್ಚಿರುವ ಊರು ಅದು. ನಮ್ಮ ದೇಶದಲ್ಲಿ ಅದೇ ರಾಸಾಯನಿಕದ ಕಾರ್ಖಾನೆ ಇದ್ದದ್ದು ಭೋಪಾಲದಲ್ಲಿ. ಕಂಪೌಂಡಿನ ಆಚೆ ಜೆಪಿ ನಗರ, ಕಾಜಿ ಕ್ಯಾಂಪ್, ಛೋಲಾದಂತಹ ಬಸ್ತಿಗಳು. ಬಡ ಮುಸ್ಲಿಮರು, ಹಿಂದುಳಿದ ಜಾತಿಯ ಹಿಂದೂಗಳು ಒಟ್ಟಿಗೆ ಬದುಕುತ್ತಿದ್ದ ಜಾಗ. 1984ರ ಡಿಸೆಂಬರ್ 2ರ ರಾತ್ರಿ ಸೋರಿದ ಅನಿಲ ಮೊದಲು ನುಗ್ಗಿದ್ದು ಆ ಮನೆಗಳಿಗೆ. ಸಾವಿರಾರು ಜನ ಸತ್ತರು, 5 ಲಕ್ಷಕ್ಕೂ ಹೆಚ್ಚು ಜನರಿಗೆ ಹಾನಿಯಾಯಿತು. ಮರುವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಆ ಕಾರ್ಖಾನೆಯಿಂದಲೂ ಬೇರೊಂದು ವಿಷಾನಿಲ ಸೋರಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆಗೆ ಹೋಗಬೇಕಾಯಿತು. ಎರಡು ದೇಶ, ಎರಡು ಭಾಷೆ. ಆದರೆ ಎರಡೂ ಕಡೆ ಗೋಡೆಯ ಆಚೆಗಿದ್ದವರು ಯಾರ ಮಾತು ನಡೆಯುವುದಿಲ್ಲವೋ ಅವರೇ.

ಭೋಪಾಲದ ನ್ಯಾಯಕ್ಕಾಗಿ ದಶಕಗಳ ಕಾಲ ಓಡಾಡಿದವರನ್ನೂ ನಾವು ತಿಳಿದಿರಬೇಕು. ರಶೀದಾ ಬೀ ಮತ್ತು ಚಂಪಾದೇವಿ ಶುಕ್ಲಾ ಎಂಬ ಇಬ್ಬರು ಬಡ ಕಾರ್ಮಿಕ ಹೆಂಗಸರು ಜೊತೆಯಾಗಿ ಹೋರಾಡಿದರು. 2004ರಲ್ಲಿ ಅವರಿಗೆ ಪರಿಸರಕ್ಕಾಗಿ ಕೊಡುವ ಗೋಲ್ಡ್‌ಮನ್ ಪ್ರಶಸ್ತಿ ಸಿಕ್ಕಿತು. ಆ ಹಣದಿಂದ ಅವರು ಅನಿಲದ, ವಿಷದ ನೀರಿನ ಪರಿಣಾಮದಿಂದ ಅಂಗವೈಕಲ್ಯದಲ್ಲಿ ಹುಟ್ಟಿದ ಮಕ್ಕಳಿಗೆ ಚಿಂಗಾರಿ ಟ್ರಸ್ಟ್ ಕಟ್ಟಿದರು. ಅಬ್ದುಲ್ ಜಬ್ಬಾರ್ ಅವರು ಸಂತ್ರಸ್ತ ಹೆಂಗಸರ ಸಂಘಟನೆ ಕಟ್ಟಿ, 2019ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ ಮಾಡಿದರು. ಸರಕಾರ ಅವರಿಗೆ ಮರಣೋತ್ತರವಾಗಿ ಪದ್ಮಶ್ರೀ ಕೊಟ್ಟಿತು. ಇವರ ಹೆಸರು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಆ ಕಾರ್ಖಾನೆಯಲ್ಲಿ ಉಳಿದಿದ್ದ 337 ಟನ್ ವಿಷ ತ್ಯಾಜ್ಯವನ್ನು 40 ವರ್ಷದ ನಂತರ, 2025ರ ಜನವರಿ ಮೊದಲ ವಾರ, ಸುಡುವುದಕ್ಕೆಂದು ಪೀಥಂಪುರ ಎಂಬ ಕೈಗಾರಿಕಾ ಪಟ್ಟಣಕ್ಕೆ ಸಾಗಿಸಲಾಯಿತು. ಅಲ್ಲಿಯ ಜನರು ಬೀದಿಗಿಳಿದು ವಿರೋಧಿಸಿದರು. ನೋಡಿ, ವಿಷ ತನ್ನಷ್ಟಕ್ಕೆ ಎಲ್ಲಿಗೂ ಹೋಗಿ ಮಾಯವಾಗುವುದಿಲ್ಲ. ಒಬ್ಬರ ಅಂಗಳದಿಂದ ಎದ್ದು ಇನ್ನೊಬ್ಬರ ಅಂಗಳಕ್ಕೆ ಹೋಗುತ್ತದೆ.

ಇದು ನಮಗೆ ದೂರದ ಮಾತಲ್ಲ. ಕಾಸರಗೋಡಿನ ಗೇರು ತೋಟಗಳಲ್ಲಿ, ನಮ್ಮ ಕೊಕ್ಕಡ, ಪಟ್ರಮೆ ಕಡೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನು ಹಿರಿಯರು ಕಂಡಿದ್ದಾರೆ. ಅದರ ನೋವು ತಿನ್ನುತ್ತಿರುವವರಲ್ಲಿ ಹೆಚ್ಚಿನವರು ತೋಟದ ಸುತ್ತಲಿನ ಬಡವರು. 2019ರ ಆಗಸ್ಟ್‌ನ ಜೋರು ಮಳೆಗೆ ಮಂಗಳೂರಿನ ಪಚ್ಚನಾಡಿ ಡಂಪಿಂಗ್ ಯಾರ್ಡಿನ ಕಸದ ಗುಡ್ಡ ಜರಿದು ಮಂದಾರದ ಮೇಲೆ ಬಿತ್ತು. ತಲೆತಲಾಂತರದಿಂದ ಸಾಕಿದ ಅಡಿಕೆ, ತೆಂಗಿನ ತೋಟಗಳು ಕಸದಡಿ ಸೇರಿದವು. ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಬಾವಿಗಳು ಹಾಳಾದವು. ಅಂದು ನಮ್ಮವರಲ್ಲಿ ಕೆಲವರು ಅಯ್ಯೋ ಪಾಪ ಅಂದರು, ಕೆಲವರು ಅದು ನಮ್ಮ ಜನರ ವಿಷಯ ಅಲ್ಲ ಅಂತ ಸುಮ್ಮನಾದರು.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಮಂದಾರದ ಮೇಲೆ ಬಿದ್ದ ಕಸ ಯಾರದ್ದು? ಮಂಗಳೂರಿನ ಎಲ್ಲರದ್ದು. ಅದರಲ್ಲಿ ನಮ್ಮ ಮದುವೆ ಹಾಲ್‌ಗಳ ಬಿರಿಯಾನಿ ಪ್ಲೇಟು, ಅರ್ಧ ಕುಡಿದು ಬಿಸಾಡಿದ ನೀರಿನ ಬಾಟ್ಲಿ, ಇಫ್ತಾರ್ ಕೂಟಗಳ ತೊಟ್ಟೆಯೂ ಸೇರಿದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧ ಇದೆ. ಆದರೂ ಊಟದ ಮರುದಿನ ಹಾಲ್‌ನ ಹಿಂದೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ಅದನ್ನು ಕೈಯಲ್ಲಿ ಹೆಕ್ಕಿ ಗಾಡಿಗೆ ತುಂಬುವವರು ಹೆಚ್ಚಾಗಿ ದಲಿತ ಕಾರ್ಮಿಕರು. ನಮಗೆ ಆಗುವ ತಾರತಮ್ಯದ ಬಗ್ಗೆ ನಾವು ಮಾತಾಡುತ್ತೇವೆ, ಮಾತಾಡಲೇಬೇಕು. ಆದರೆ ನಮ್ಮ ಹೊರೆಯನ್ನು ನಮಗಿಂತ ಕೆಳಗೆ ತಳ್ಳಲ್ಪಟ್ಟವರ ತಲೆ ಮೇಲೆ ಹಾಕಿ ನ್ಯಾಯ ಕೇಳಿದರೆ ಆ ಮಾತಿಗೆ ತೂಕ ಇರುವುದಿಲ್ಲ.

ಹಾಗಾದರೆ ಏನು ಮಾಡಬಹುದು? ವಾರೆನ್ ಕೌಂಟಿಯಲ್ಲಿ ಜನರನ್ನು ಸೇರಿಸಿದ್ದು ಚರ್ಚ್, ದೇಶದ ಲೆಕ್ಕ ಹಾಕಿಸಿದ್ದೂ ಚರ್ಚ್. ನಮ್ಮಲ್ಲಿ ಪ್ರತಿ ಊರಿಗೂ ಜಮಾಅತ್ ಕಮಿಟಿ ಇದೆ, ಯುವಕರ ಸಂಘ ಇದೆ, ಗಲ್ಫ್‌ನಲ್ಲಿ ದುಡಿದು ಊರಿಗೆ ಸಹಾಯ ಕಳಿಸುವವರು ಇದ್ದಾರೆ. ಕಾರ್ಖಾನೆ, ಕಸದ ಯಾರ್ಡ್, ಕೋರೆಗಳ ಹತ್ತಿರದ ಜಮಾಅತ್‌ಗಳು ವರ್ಷಕ್ಕೆ ಎರಡು ಸಲ, ಮಳೆಗಾಲದ ಮೊದಲು ಮತ್ತು ನಂತರ, ಊರಿನ ಬಾವಿ ನೀರನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಲಿ. ಬರೀ ನಮ್ಮ ಮನೆಗಳದ್ದಲ್ಲ, ನೆರೆಯ ಹಿಂದೂ, ಕ್ರೈಸ್ತರ ಬಾವಿಗಳದ್ದೂ. ರಿಪೋರ್ಟ್‌ಗಳನ್ನು ಫೈಲ್ ಮಾಡಿ ಇಡಲಿ. ನಾಳೆ ಪಂಚಾಯತ್‌ನಲ್ಲಿ ಅಥವಾ ಹಸಿರು ನ್ಯಾಯಮಂಡಳಿಯಲ್ಲಿ ಮಾತಾಡುವಾಗ ಕೈಯಲ್ಲಿ ಕಾಗದ ಇಲ್ಲದಿದ್ದರೆ ನಮ್ಮ ಮಾತು ಗಾಳಿಯಲ್ಲಿ ಹೋಗುತ್ತದೆ.

ಇನ್ನೊಂದು ವಿಷಯ. 2006ರ ಅಧಿಸೂಚನೆ ಪ್ರಕಾರ ಅನೇಕ ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ನೋಟಿಸ್ ಬರಬೇಕು. ಯೋಜನಾ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸಭೆಯಲ್ಲಿ ಯಾರು ಬೇಕಾದರೂ ಮಾತಾಡಬಹುದು, ಲಿಖಿತವಾಗಿಯೂ ತಕರಾರು ಕೊಡಬಹುದು. ಆ ನೋಟಿಸನ್ನು ಜುಮಾ ನಮಾಝಿನ ನಂತರ ಓದಿ ಹೇಳಿದರೆ ಎರಡು ನಿಮಿಷ ಸಾಕು. ಸಭೆಗೆ ಹೋಗುವಾಗ ಹೆಂಗಸರನ್ನೂ ಕರೆದುಕೊಂಡು ಹೋಗಿ. ಬಾವಿ ನೀರಿನ ಬಣ್ಣ ಬದಲಾದದ್ದು, ಮಗುವಿಗೆ ಕೆಮ್ಮು ಜಾಸ್ತಿಯಾದದ್ದು ಮನೆಯಲ್ಲಿ ಮೊದಲು ಗೊತ್ತಾಗುವುದು ಅವರಿಗೇ.

ಕೊನೆಯದಾಗಿ, ಇನ್ನೊಂದು ಊರಿನವರು ತಮ್ಮ ನೀರಿಗಾಗಿ ಧರಣಿ ಕೂತಾಗ ಅವರ ಜಾತಿ, ಧರ್ಮ ನೋಡದೆ ನಮ್ಮಲ್ಲಿಂದ ನಾಲ್ಕು ಜನ ಹೋಗಿ ಜೊತೆ ಕೂರಬೇಕು. ಊರುಗಳು ಒಂದೊಂದೇ ಇರುವವರೆಗೆ ವಿಷದ ಲಾರಿಗೆ ದಾರಿ ಸುಲಭ. ಎಲ್ಲ ಊರಿನವರೂ ಒಟ್ಟಿಗೆ ನಿಂತು ಇದು ಎಲ್ಲಿಗೆ ಹೋಗುತ್ತಿದೆ ಅಂತ ಕೇಳಿದರೆ, ಆಗ ವಿಷ ತಯಾರಿಸುವವರೇ ಅದಕ್ಕೊಂದು ಸರಿಯಾದ ದಾರಿ ಹುಡುಕಬೇಕಾಗುತ್ತದೆ.