ಯಾವ ಲೈನಿನ್ಯಾಗ ನಿಂತಿ?

ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹಟ್ಟಿಯಿಂದ ಫೋನ್ ಬಂತು. ಕ್ಯಾಂಪಿನಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇರೋ ಕಾಕಿ. ‘ತಮ್ಮಾ, ನಮ್ಮ ಹುಡುಗ ಫೋನೇ ಎತ್ತವಲ್ಲ. ಎತ್ತಿದ್ರೂ ಹ್ಞಾಂ ಹ್ಞೂಂ ಅಂದು ಇಟ್ಟುಬಿಡ್ತಾನ. ನೀ ಅಲ್ಲೇ ಬೆಂಗಳೂರಾಗ ಇದ್ದೀಯಲ್ಲ, ಒಂದ್ಸಲ ಹೋಗಿ ಅವನ ಮಾರಿ ನೋಡಿ ಬಾರಪ್ಪ.’

ಹೋದೆ. ಮಧ್ಯಾಹ್ನ ಹನ್ನೆರಡಾದರೂ ಹುಡುಗ ಪಿಜಿ ರೂಮಿನಲ್ಲಿ ಹಾಸಿಗೆ ಬಿಟ್ಟಿರಲಿಲ್ಲ. ಕೆಳಗಿನ ಹೋಟೆಲಿಗೆ ಕರ್ಕೊಂಡು ಹೋಗಿ ದೋಸೆ ಹೇಳಿದೆ. ಅರ್ಧ ದೋಸೆ ಮುಗಿದ ಮೇಲೆ ಬಾಯಿ ಬಿಟ್ಟ. ಮೊದಲ ಸೆಮಿಸ್ಟರ್‌ನಲ್ಲಿ ಎರಡು ವಿಷಯ ಹೋಗಿವೆ, ಮ್ಯಾಥ್ಸ್ ಮತ್ತು ಫಿಸಿಕ್ಸ್. ಮನೇಲಿ ಹೇಳಿಲ್ಲ. ಕ್ಲಾಸಿಗೆ ಹೋಗೋದು ಬಿಟ್ಟು ಎರಡು ವಾರ ಆಗಿದೆ. ‘ಅಣ್ಣಾ, ನನಗ ಇದು ಆಗಂಗಿಲ್ಲ. ಊರಿಗೆ ಬಂದುಬಿಡ್ತೀನಿ. ಕಂಪನಿಯಾಗ ಏನರ ಕೆಲಸ ಕರದ್ರ ಅರ್ಜಿ ಹಾಕ್ತೀನಿ.’

ನಮ್ಮಲ್ಲಿ ಕಂಪನಿ ಅಂದ್ರೆ ಒಂದೇ, ಚಿನ್ನದ ಗಣಿ. ಅಲ್ಲಿ ಕೆಲಸ ಮಾಡೋದು ಕೀಳು ಅಂತ ನಾನು ಹೇಳಲ್ಲ, ಅದರ ಸಂಬಳದಲ್ಲೇ ಓದಿದವನು ನಾನು. ಆದರೆ ಈ ಹುಡುಗ ಗಣಿ ಬೇಕು ಅಂತ ಕೇಳ್ತಾ ಇರಲಿಲ್ಲ, ತಪ್ಪಿಸಿಕೊಳ್ಳೋಕೆ ದಾರಿ ಕೇಳ್ತಾ ಇದ್ದ.

ನಾನೂ ಇದೇ ದಾರಿಯಲ್ಲಿ ಬಂದವನಲ್ವಾ, ನನಗೆ ಗೊತ್ತು ಅಂದುಕೊಂಡೆ. ಒಂದು ಗಂಟೆ ಭಾಷಣ ಮಾಡಿದೆ. ಟೈಮ್‌ಟೇಬಲ್ ಹಾಕ್ಕೋ, ಹಳೇ ಪ್ರಶ್ನೆಪತ್ರಿಕೆ ಬಿಡಿಸು, ಯೂಟ್ಯೂಬ್‌ನಲ್ಲಿ ಇಂಥ ಚಾನೆಲ್ ನೋಡು. ಅವನು ಪ್ರತಿ ಮಾತಿಗೂ ತಲೆ ಆಡಿಸಿದ. ಮುಂದಿನ ಸೋಮವಾರವೂ ಕ್ಲಾಸಿಗೆ ಹೋಗಲಿಲ್ಲ.

ಕೆಲಸಕ್ಕೆ ಬಂದದ್ದು ನಾನಲ್ಲ. ಮಸ್ಕಿ ಕಡೆಯ ಒಬ್ಬಳು ಹುಡುಗಿ, ಅದೇ ಕಾಲೇಜಿನಲ್ಲಿ ಎರಡನೇ ವರ್ಷ, ನನ್ನ ಸಹೋದ್ಯೋಗಿಯ ತಂಗಿ. ಅಣ್ಣ ಹೇಳಿದ್ದಕ್ಕೆ ಒಂದು ಸಂಜೆ ಲೈಬ್ರರಿಗೆ ಬರ್ತೀನಿ ಅಂದಳು. ನಾನೂ ಹೋಗಿ ಪಕ್ಕದಲ್ಲಿ ಕೂತಿದ್ದೆ. ಅವಳು ಯಾಕೆ ಫೇಲಾದೆ ಅಂತ ಕೇಳಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. ನೋಟ್‌ಬುಕ್ ತೆಗೆಸಿ, ಪೋಲಾರ್ ಕರ್ವ್ಸ್ ಪಾಠದ ಮೊದಲ ಲೆಕ್ಕ ತೋರಿಸಿ ಕೇಳಿದಳು: ‘ಯಾವ ಲೈನಿನ್ಯಾಗ ನಿಂತಿ?’

ವಿಟಿಯು ಕಾಲೇಜಿನಲ್ಲಿ ಓದಿದವರಿಗೆ ಆ ಲೆಕ್ಕ ನೆನಪಿರಬಹುದು. ಆರ್ ಈಕ್ವಲ್ಸ್ ಎ ಇಂಟು 1 ಪ್ಲಸ್ ಕಾಸ್ ಥೀಟಾ, ಕಾರ್ಡಿಯಾಯ್ಡ್. ಎರಡೂ ಕಡೆ ಲಾಗ್ ತಗೋಬೇಕು, ಡಿಫರೆನ್ಷಿಯೇಟ್ ಮಾಡಬೇಕು, ಕಾಟ್ ಫೈ ಬರುತ್ತೆ. ಹುಡುಗ ಅಲ್ಲಿಯವರೆಗೆ ಸರಿಯಾಗೇ ಬಂದಿದ್ದ. ಮೈನಸ್ ಸೈನ್ ಥೀಟಾ ಬೈ 1 ಪ್ಲಸ್ ಕಾಸ್ ಥೀಟಾ. ಮುಂದಿನ ಸಾಲಿನಲ್ಲಿ ಮೇಷ್ಟ್ರು ಬೋರ್ಡ್ ಮೇಲೆ ಬರೆದದ್ದು ಮೈನಸ್ ಟ್ಯಾನ್ ಥೀಟಾ ಬೈ 2. ಅದು ಎಲ್ಲಿಂದ ಬಂತು? ಅವನು ನಿಂತಿದ್ದು ಅಲ್ಲಿ. ಅಕ್ಟೋಬರ್‌ನಿಂದ ಅಲ್ಲೇ ನಿಂತಿದ್ದ.

1 ಪ್ಲಸ್ ಕಾಸ್ ಥೀಟಾ ಅಂದ್ರೆ 2 ಕಾಸ್ ಸ್ಕ್ವೇರ್ ಥೀಟಾ ಬೈ 2. ಸೈನ್ ಥೀಟಾ ಅಂದ್ರೆ 2 ಸೈನ್ ಥೀಟಾ ಬೈ 2, ಕಾಸ್ ಥೀಟಾ ಬೈ 2. ಹೊಡೆದು ಹಾಕಿದರೆ ಮುಗೀತು. ಇದು ಎಂಜಿನಿಯರಿಂಗ್ ಗಣಿತವೇ ಅಲ್ಲ, ಪಿಯುಸಿ ಸೂತ್ರ. ಅರವತ್ತು ಜನರ ಕ್ಲಾಸಿನಲ್ಲಿ ಕೈ ಎತ್ತಿ, ಅದೂ ಇಂಗ್ಲಿಷಿನಲ್ಲಿ, ಪಿಯುಸಿ ಸೂತ್ರ ಕೇಳೋದು ಹೇಗೆ? ಹುಡುಗ ಕೇಳಲಿಲ್ಲ. ಆ ಒಂದು ಸಾಲು ಗೊತ್ತಿಲ್ಲ ಅನ್ನೋದು ಮೊದಲು ಈ ಪಾಠ ಬರಲ್ಲ ಅಂತಾಯ್ತು, ಆಮೇಲೆ ಮ್ಯಾಥ್ಸ್ ಬರಲ್ಲ ಅಂತಾಯ್ತು, ಕೊನೆಗೆ ನಾನು ಇಲ್ಲಿಗೆ ಬರಬಾರದಿತ್ತು ಅಂತಾಯ್ತು.

ಮಸ್ಕಿ ಹುಡುಗಿ ಅದನ್ನ ಎರಡು ನಿಮಿಷದಲ್ಲಿ ಹಿಡಿದಳು. ಜಾಣೆ ಅನ್ನೋದು ನಿಜ, ಆದರೆ ಕಾರಣ ಅದಲ್ಲ. ಅವಳೂ ಹಿಂದಿನ ವರ್ಷ ಅದೇ ಸಾಲಿನಲ್ಲಿ ನಿಂತಿದ್ದಳಂತೆ. ನಾನು ನಿಂತು ಹತ್ತು ವರ್ಷ ಆಗಿ, ಎಲ್ಲಿ ನಿಂತಿದ್ದೆ ಅನ್ನೋದೇ ಮರೆತಿದ್ದೆ. ಪಾಠ ಮಾಡೋ ಮೇಷ್ಟ್ರಿಗಂತೂ ಅದು ಸಾಲೇ ಅಲ್ಲ, ಉಸಿರಾಡಿದ ಹಾಗೆ.

ಹುಡುಗ ಇನ್ನೊಂದು ಮಾತು ಹೇಳಿದ್ದ. ಅವನ ಸೀಟು 371ಜೆ ಕೋಟಾದ್ದು. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದದ್ದು ಈ 371ಜೆ ವಿಧಿ. ಅದರ ಅಡಿಯಲ್ಲಿ 2013ರಲ್ಲಿ ಹೊರಟ ಆದೇಶಗಳ ಪ್ರಕಾರ ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು, ರಾಜ್ಯದ ಉಳಿದ ಕಡೆ ನೂರಕ್ಕೆ 8 ಸೀಟು ನಮ್ಮ ಭಾಗದವರಿಗೆ. ಆ 8ರಲ್ಲಿ ಬೆಂಗಳೂರಿಗೆ ಬಂದವನು ಇವನು. 2014ರಲ್ಲಿ ನಾನು ಸೇರುವಾಗ ಅದು ಬಂದ ಹೊಸತು, ಅದೇನು ಅಂತ ಕ್ಲಾಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಎಲ್ಲರಿಗೂ ಗೊತ್ತು. ‘ಎಚ್‌ಕೆ ಕೋಟಾನಾ?’ ಅಂತ ರೂಮ್‌ಮೇಟ್ ನಗ್ತಾ ಕೇಳಿದನಂತೆ, ಅಷ್ಟೇ. ಅದಾದ ಮೇಲೆ ಇವನು ಯಾರನ್ನೂ ಏನೂ ಕೇಳಲಿಲ್ಲ. ಕೇಳಿದರೆ ಅವನು ಅಂದದ್ದು ನಿಜ ಆಗುತ್ತಲ್ಲ!

ಕಾಲೇಜಿನವರು ಏನೂ ಮಾಡಲಿಲ್ಲ ಅಂತಲ್ಲ. ‘ಸ್ಲೋ ಲರ್ನರ್ಸ್’ ಅಂತ ಒಂದು ಪಟ್ಟಿ ಮಾಡಿ, ನೋಟಿಸ್ ಬೋರ್ಡಿಗೆ ಹಾಕಿ, ಸಂಜೆ ನಾಲ್ಕೂವರೆಗೆ ವಿಶೇಷ ಕ್ಲಾಸ್ ಇಟ್ಟರು. ಪಟ್ಟಿಯಲ್ಲಿ ಹೆಸರಿದ್ದವರಲ್ಲಿ ಅರ್ಧ ಜನ ಹೋಗಲಿಲ್ಲ. ನಾನಾಗಿದ್ದರೂ ಹೋಗ್ತಾ ಇರಲಿಲ್ಲ.

ಇದನ್ನೇ 50 ವರ್ಷದ ಹಿಂದೆ ಅಮೆರಿಕದಲ್ಲಿ ಒಬ್ಬರು ಬೇರೆ ಥರ ಯೋಚಿಸಿದ್ದರು. ಮಿಸೌರಿ ವಿಶ್ವವಿದ್ಯಾಲಯದ ಕ್ಯಾನ್ಸಸ್ ಸಿಟಿ ಕ್ಯಾಂಪಸ್‌ನಲ್ಲಿ ಡಿಯಾನಾ ಮಾರ್ಟಿನ್ ಅನ್ನೋರು 1973ರಲ್ಲಿ ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್ ಅಂತ ಶುರು ಮಾಡಿದರು. ಅದರ ಕೀಲಿ ಇಷ್ಟೇ: ದಡ್ಡ ವಿದ್ಯಾರ್ಥಿ ಯಾರು ಅಂತ ಹುಡುಕಬೇಡಿ, ಹೆಚ್ಚು ಜನ ಬೀಳೋ ವಿಷಯ ಯಾವುದು ಅಂತ ಹುಡುಕಿ. ಆ ವಿಷಯಕ್ಕೆ ವಾರವಾರ ಗುಂಪು ಕೂಡಿಸಿ, ಬಾಗಿಲು ಎಲ್ಲರಿಗೂ ತೆರೆದಿಡಿ. ಗುಂಪು ನಡೆಸೋನು ಆ ವಿಷಯ ಪಾಸಾದ ಸೀನಿಯರ್. ಅವನು ಜೂನಿಯರ್‌ಗಳ ಜೊತೆ ಆ ಕ್ಲಾಸಿನಲ್ಲಿ ಮತ್ತೆ ಕೂರಬೇಕು. ನೋಡಿ, ಹಣೆಪಟ್ಟಿ ಹೋಗಿದ್ದು ವಿಷಯಕ್ಕೆ, ಹುಡುಗನಿಗಲ್ಲ.

ಇನ್ನೊಬ್ಬರು ಯೂರಿ ಟ್ರೀಸ್ಮನ್. ಎಪ್ಪತ್ತರ ದಶಕದಲ್ಲಿ ಬರ್ಕ್ಲಿಯಲ್ಲಿ ಕ್ಯಾಲ್ಕುಲಸ್ ತಗೊಂಡ 20 ಕಪ್ಪು ವಿದ್ಯಾರ್ಥಿಗಳು, 20 ಚೀನೀ ಮೂಲದ ವಿದ್ಯಾರ್ಥಿಗಳ ಜೊತೆ ಓಡಾಡಿ, ಅವರು ಹೇಗೆ ಓದ್ತಾರೆ ಅಂತ ಗಮನಿಸಿದರು. ಕಪ್ಪು ವಿದ್ಯಾರ್ಥಿಗಳು ಸೋಮಾರಿಗಳಾಗಿರಲಿಲ್ಲ, ಮನೆಯವರಿಗೆ ಓದಿನ ಬಗ್ಗೆ ಅಸಡ್ಡೆಯೂ ಇರಲಿಲ್ಲ. ಅವರು ಒಬ್ಬೊಬ್ಬರೇ ಓದ್ತಿದ್ದರು. ಚೀನೀ ಮೂಲದವರೂ ಮೊದಲು ಒಬ್ಬರೇ ಕೂತು ಬಿಡಿಸಿ, ಸಂಜೆ ಒಟ್ಟಿಗೆ ಸೇರಿ ಉತ್ತರ ತಾಳೆ ನೋಡ್ತಿದ್ದರು. ಎಲ್ಲರಿಗೂ ತಪ್ಪಾದ ಲೆಕ್ಕ ನಿಜವಾಗಲೂ ಕಷ್ಟದ್ದು ಅಂತ ಅವರಿಗೆ ಗೊತ್ತಾಗ್ತಿತ್ತು. ಒಬ್ಬನೇ ಕೂತವನಿಗೆ ಆ ಸಮಾಧಾನವಿಲ್ಲ, ತಪ್ಪೆಲ್ಲ ತನ್ನದೇ ಅನಿಸುತ್ತೆ. ಮುಂದೆ ಟ್ರೀಸ್ಮನ್ ಗುಂಪು ಕಟ್ಟಿದಾಗ ರಿಪೇರಿ ಕ್ಲಾಸು ಅಂತ ಕರೆಯಲಿಲ್ಲ. ಚೆನ್ನಾಗಿ ಓದಬೇಕು ಅನ್ನೋರಿಗೆ ಅಂತ ಕರೆದರು, ಸುಲಭದ ಲೆಕ್ಕ ಬಿಟ್ಟು ಗಟ್ಟಿ ಲೆಕ್ಕ ಕೊಟ್ಟರು.

ನಮ್ಮಲ್ಲಿ ಕಾಗದದ ಮೇಲೆ ಇದೆಲ್ಲ ಇದೆ. ಎಐಸಿಟಿಇ 2017ರಿಂದ ಮೊದಲ ವರ್ಷದವರಿಗೆ ಮೂರು ವಾರದ ಇಂಡಕ್ಷನ್ ಕಾರ್ಯಕ್ರಮ ತಂದಿದೆ, ಅದರಲ್ಲಿ ಸೀನಿಯರ್ ಮೆಂಟರ್‌ಗಳ ಮಾತೂ ಇದೆ. ನಾನು ಕೇಳಿದ ಹುಡುಗರೆಲ್ಲ ಹೇಳೋದು ಒಂದೇ: ಆಡಿಟೋರಿಯಂನಲ್ಲಿ ಕೂರಿಸಿ ಭಾಷಣ, ಒಂದು ಯೋಗ ಕ್ಲಾಸು, ಒಂದು ಗಿಡ ನೆಡೋದು. ಮೆಂಟರ್ ಡೈರಿ ಅಂತ ಒಂದು ಪುಸ್ತಕ, ಅದಕ್ಕೆ ಸೆಮಿಸ್ಟರ್ ಕೊನೆಗೆ ಒಟ್ಟಿಗೇ ಐದು ಸಹಿ.

ರ‍್ಯಾಗಿಂಗ್ ತಡೆಗೆ ಯುಜಿಸಿ 2009ರಲ್ಲಿ ತಂದ ನಿಯಮಗಳು ಬೇಕೇ ಬೇಕಿದ್ದವು, ಅದರಲ್ಲಿ ಎರಡು ಮಾತಿಲ್ಲ. ಹೊಸಬರಿಗೆ ಹಾಸ್ಟೆಲ್‌ನಲ್ಲಿ ಆದಷ್ಟು ಬೇರೆ ಬ್ಲಾಕ್ ಇರಲಿ ಅಂತಾರೆ. ಸರಿ. ಆದರೆ ಸೀನಿಯರ್ ಅನ್ನೋನನ್ನ ದೂರ ಇಟ್ಟಾಗ ಕಾಟ ಕೊಡೋನ ಜೊತೆ ದಾರಿ ಹೇಳೋನೂ ದೂರ ಹೋದ. ಅವನನ್ನ ಹಗಲಲ್ಲಿ, ಲೈಬ್ರರಿಯಲ್ಲಿ, ಎಲ್ಲರ ಕಣ್ಣ ಮುಂದೆ ವಾಪಸ್ ಕರೆಯೋ ಕೆಲಸ ಯಾರೂ ಮಾಡಲಿಲ್ಲ.

ಸೀನಿಯರ್ ಸಿಕ್ಕರೆ ಸಾಕು ಅಂತಲೂ ಅಲ್ಲ. ನನಗೆ ಒಬ್ಬರು ಸಿಕ್ಕಿದ್ದರು, ಸಿಂಧನೂರಿನವರು, ಬಂಗಾರದಂಥ ಮನುಷ್ಯ. ಊಟ ಹಾಕಿಸ್ತಿದ್ದರು, ಪರೀಕ್ಷೆಗೆ ನಾಲ್ಕು ದಿನ ಇರುವಾಗ ‘ಇವಿಷ್ಟ ನೋಡ್ಕೊ’ ಅಂತ ಇಂಪಾರ್ಟೆಂಟ್ ಪ್ರಶ್ನೆಗಳ ಝೆರಾಕ್ಸ್ ಕೊಡ್ತಿದ್ದರು. ಪಾಸಾದೆ. ನಾಲ್ಕು ವಿಷಯಕ್ಕಿಂತ ಜಾಸ್ತಿ ಉಳಿದರೆ ಇಯರ್ ಬ್ಯಾಕ್ ಆಗ್ತಿದ್ದ ಕಾಲ, ಅವರಿಲ್ಲದಿದ್ದರೆ ನನಗೂ ಆಗ್ತಿತ್ತೋ ಏನೋ. ಆದರೆ ಮೂರನೇ ಸೆಮ್‌ಗೆ ಹೋದಾಗ ಮೊದಲ ವರ್ಷದ್ದು ಏನೂ ತಲೆಯಲ್ಲಿರಲಿಲ್ಲ. ಅವರು ನನಗೆ ಕೊಟ್ಟಿದ್ದು ಉತ್ತರ. ಮಸ್ಕಿ ಹುಡುಗಿ ಉತ್ತರ ಕೊಡಲಿಲ್ಲ, ಪೆನ್ನನ್ನೂ ಮುಟ್ಟಲಿಲ್ಲ.

ಇದನ್ನೆಲ್ಲ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ನಿವೃತ್ತಿ ಆಗೋವರೆಗೂ ಕೇಜಿನಲ್ಲಿ ಇಳಿದು ಹತ್ತಿದವರು. ಗಣಿಗೆ ಹೊಸದಾಗಿ ಬಂದವರಿಗೆ ತರಬೇತಿ ಆಗಲೇಬೇಕು ಅಂತ 1966ರಿಂದ ನಿಯಮವೇ ಇದೆ, ಅದು ನನಗೆ ಗೊತ್ತಿತ್ತು. ಅಪ್ಪ ಹೇಳಿದ್ದು ಬೇರೆ. ‘ಟ್ರೇನಿಂಗ್ ಕೊಟ್ಟಿದ್ರು. ಆದ್ರ ಮೊದಲನೇ ದಿನ ಇಳದಾಗ ನಾ ನಡದಿದ್ದು ಮೇಟ್ ಹಿಂದ. ಎಲ್ಲಿ ತಲಿ ಬಗ್ಗಸಬೇಕು ಅಂತ ಪುಸ್ತಕದಾಗ ಬರದಿರಂಗಿಲ್ಲ. ಅವ ಬಗ್ಗಿದಲ್ಲಿ ನಾ ಬಗ್ಗಿದೆ.’

ಏಪ್ರಿಲ್‌ನಿಂದ ಭಾನುವಾರ ರಾತ್ರಿ ಒಂಬತ್ತಕ್ಕೆ ಗೂಗಲ್ ಮೀಟ್‌ನಲ್ಲಿ ಸೇರ್ತೀವಿ. ಹಟ್ಟಿ ಹುಡುಗ, ಲಿಂಗಸುಗೂರಿನ ಇಬ್ಬರು, ಸಿಂಧನೂರಿನ ಒಬ್ಬಳು, ಎಲ್ಲರೂ ಬೇರೆ ಬೇರೆ ಕಾಲೇಜು, ವಿಶ್ವವಿದ್ಯಾಲಯ ಒಂದೇ ಆದ್ದರಿಂದ ಸಿಲಬಸ್ ಕೂಡುತ್ತೆ. ನಡೆಸೋದು ಮಸ್ಕಿ ಹುಡುಗಿ. ನನ್ನ ಕೆಲಸ ಲಿಂಕ್ ಕಳಿಸೋದು, ಸಿ ಪ್ರೋಗ್ರಾಂ ಬಂದಾಗ ಮಾತ್ರ ಬಾಯಿ ಬಿಡೋದು. ಪ್ರತಿಯೊಬ್ಬರೂ ತಾವು ನಿಂತ ಲೈನಿನ ಫೋಟೋ ಶನಿವಾರವೇ ಗ್ರೂಪಿಗೆ ಹಾಕಬೇಕು. ‘ಇಡೀ ಮಾಡ್ಯೂಲ್ ಬರಲ್ಲ’ ಅಂದರೆ ಲೆಕ್ಕಕ್ಕಿಲ್ಲ. ಮೊದಲ ಎರಡು ವಾರ ಯಾರೂ ಹಾಕಲಿಲ್ಲ. ಮೂರನೇ ವಾರ ಮಸ್ಕಿ ಹುಡುಗಿ ತನ್ನ ನಾಲ್ಕನೇ ಸೆಮ್‌ನಲ್ಲಿ ತಾನು ನಿಂತ ಲೈನಿನ ಫೋಟೋ ಹಾಕಿದಳು. ಅವತ್ತು ರಾತ್ರಿಯೇ ಆರು ಫೋಟೋ ಬಂದವು. ಅವುಗಳಲ್ಲಿ ಮೂರು ಪಿಯುಸಿ ಸೂತ್ರದ್ದೇ.

ಮಾತು ನಮ್ಮ ಭಾಷೆಯಲ್ಲೇ ನಡೆಯುತ್ತೆ, ಕೊನೆಗೆ ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರೆಯಬೇಕು. ಪರೀಕ್ಷೆ ಬರೆಯೋದು ಅದರಲ್ಲೇ ಅಲ್ವಾ. ಎಐಸಿಟಿಇ ಕನ್ನಡದಲ್ಲೂ ಎಂಜಿನಿಯರಿಂಗ್ ಪುಸ್ತಕ ತಂದಿದೆ, ಅದನ್ನೂ ಗ್ರೂಪಿಗೆ ಹಾಕಿದ್ದೆ. ‘ಓದಾಕ ಚಲೋ ಐತಿ ಅಣ್ಣಾ, ಆದ್ರ ಪದ ಇಂಗ್ಲಿಷಿಗಿಂತ ಕಷ್ಟ ಅದಾವ’ ಅಂದ ಹುಡುಗ. ನಕ್ಕೆವು.

ಹುಡುಗ ಮನೇಲಿ ಹೇಳಿದ್ದು ಮೇ ತಿಂಗಳಲ್ಲಿ. ಕಾಕಿ ಒಂದು ದಿನ ಊಟ ಬಿಟ್ಟರಂತೆ, ಮರುದಿನ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಬಸ್ಸಿಗೆ ಕಳಿಸಿದರು, ಅದರಲ್ಲಿ ಮಸ್ಕಿ ಹುಡುಗಿಗೂ ಒಂದು ಗಂಟು. ಹಿಂದಿನ ತಿಂಗಳು ರಿಸಲ್ಟ್ ಬಂತು. ಮ್ಯಾಥ್ಸ್ ದಾಟಿದ್ದಾನೆ. ಫಿಸಿಕ್ಸ್ ಇನ್ನೂ ಇದೆ.

ಈಗಿನ ತೊಂದರೆ ಬೇರೆ. ಮಸ್ಕಿ ಹುಡುಗಿಗೆ ಐದನೇ ಸೆಮ್, ಇಂಟರ್ನಲ್ಸ್ ಮೇಲೆ ಇಂಟರ್ನಲ್ಸ್. ಅವಳು ಮಾಡ್ತಿರೋದಕ್ಕೆ ಮಾರ್ಕ್ಸ್ ಇಲ್ಲ, ಸರ್ಟಿಫಿಕೇಟ್ ಇಲ್ಲ, ದುಡ್ಡಂತೂ ಇಲ್ಲವೇ ಇಲ್ಲ. ಕಾಲೇಜಿಗೆ ಗೊತ್ತೂ ಇಲ್ಲ. ‘ನವೆಂಬರ್‌ವರೆಗೆ ನನಗ ಆಗಂಗಿಲ್ರಿ ಅಣ್ಣಾರ’ ಅಂತ ಬುಧವಾರ ಮೆಸೇಜ್ ಹಾಕಿದಳು. ಹೊಸ ಬ್ಯಾಚಿನ ಮೂವರು ಆಗಲೇ ಗ್ರೂಪಿಗೆ ಸೇರಿದ್ದಾರೆ, ಒಬ್ಬಳು ಹಟ್ಟಿಯವಳೇ. ಈ ಭಾನುವಾರ ಮ್ಯಾಥ್ಸ್ ನೀನೇ ನಡೆಸು ಅಂತ ನಮ್ಮ ಹುಡುಗನಿಗೆ ಹೇಳಿದೆ.

‘ನಾನಾ? ನಂದs ಒಂದು ಬ್ಯಾಕ್ ಐತಿ.’

‘ಫಿಸಿಕ್ಸ್‌ದು ಐತಿ. ಮ್ಯಾಥ್ಸ್‌ದು ಇಲ್ಲಲ್ಲ?’

ಇನ್ನೂ ಹ್ಞೂಂ ಅಂದಿಲ್ಲ. ಲಿಂಕ್ ಅಂತೂ ಕಳಿಸಿದ್ದೀನಿ.